ಪಾತ್ರೆ ತೊಳೆಯದ ವಿಜ್ಞಾನಿ

ಪ್ರಾಜಕ್ತಾ, ಮಲ್ಹಾರ, ಇಬ್ಬರೂ ಕೇಳಿ. ಭಾನುವಾರ ಬೆಳಿಗ್ಗೆ ನೀವು ಟಿ.ವಿ. ಮುಂದೆ ಕೂತು ನೋಡುವ ಆ ಆಕಾಶ ಹಡಗಿನ ಸೀರಿಯಲ್ಲನ್ನು ನಾನೂ ಹಿಂದಿನಿಂದ ನೋಡುತ್ತಿರುತ್ತೇನೆ. ಅಜ್ಜಿ ಮೆಂತ್ಯ ಸೊಪ್ಪು ಸೋಸುತ್ತಿದ್ದಾಳೆ ಎಂದು ನೀವು ತಿಳಿದಿದ್ದೀರಿ. ಸೋಸುವುದು ಕೈ. ಕಣ್ಣು ಮಾತ್ರ ಆ ವಿಜ್ಞಾನಿಯ ಮೇಲೆಯೇ ಇರುತ್ತದೆ. ಮೊದಲ ವಾರದಿಂದಲೂ ನನಗೆ ಅವನ ಮೇಲೆ ಗುಮಾನಿ.

ಅವನ ಮೇಜಿನ ಮೇಲೆ ಎಷ್ಟೊಂದು ಗಾಜಿನ ಬುರುಡೆಗಳು! ಒಂದರಲ್ಲಿ ನೀಲಿ ನೀರು, ಇನ್ನೊಂದರಲ್ಲಿ ಹಸಿರು, ಮತ್ತೊಂದರಲ್ಲಿ ಬರೀ ಹೊಗೆ. ಇದರಲ್ಲಿದ್ದುದನ್ನು ಅದಕ್ಕೆ ಸುರಿಯುತ್ತಾನೆ, ಅದರಲ್ಲಿದ್ದುದನ್ನು ಇದಕ್ಕೆ. ಇಷ್ಟು ವಾರ ನೋಡಿದೆ, ಒಮ್ಮೆಯಾದರೂ ಅವನು ಅವನ್ನು ತೊಳೆದದ್ದು ಕಾಣಲಿಲ್ಲ. ಆ ಹಡಗಿನಲ್ಲಿ ಭಾಂಡೆ ತಿಕ್ಕುವ ಹೆಂಗಸಿಲ್ಲ, ನಲ್ಲಿಯಿಲ್ಲ, ತೊಳೆದದ್ದನ್ನು ಬೋರಲು ಹಾಕಲು ಒಂದು ಬುಟ್ಟಿಯೂ ಇಲ್ಲ. ನಾನು ಇದನ್ನು ಕೇಳಿದಾಗ ಮಲ್ಹಾರ ಎಷ್ಟು ನಕ್ಕ!

"ಅಜ್ಜಿ, ಅದು ಸೈನ್ಸ್ ಫಿಕ್ಷನ್ ಅದ. ಅದರಾಗ ಭಾಂಡಿ ತಿಕ್ಕೋದು ಯಾರ ತೋರಸ್ತಾರ?"

"ತೋರಸದಿದ್ರ ಹೋಗ್ಲಿ, ತಿಕ್ಕ್ಯಾರ ತಿಕ್ತಾನೋ ಇಲ್ಲೋ?" ಎಂದೆ.

ನೀವು ನಕ್ಕಿರಿ. ನಾನೂ ನಕ್ಕೆ. ಹೋದ ತಿಂಗಳ ಒಂದು ಭಾನುವಾರ ಮಾತ್ರ ನನಗೆ ನಗು ಬರಲಿಲ್ಲ. ಹಡಗಿನಲ್ಲಿ ಯಾರೋ ದ್ರೋಹಿಯಿದ್ದಾರೆ ಎಂದು ಗೊತ್ತಾಗಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ್ದರು. ವಿಜ್ಞಾನಿ ಒಬ್ಬೊಬ್ಬರ ಬೆವರನ್ನು ಒಂದು ಗಾಜಿನ ನಳಿಗೆಯಲ್ಲಿ ಹಾಕಿ ಅಲುಗಾಡಿಸಿದ. ಮೂಲೆಯಲ್ಲಿದ್ದ ಆ ಸಣ್ಣ ಹುಡುಗಿಯದು ಬಂದಾಗ ನಳಿಗೆ ಕೆಂಪಾಯಿತು. ಹಡಗಿನ ಯಜಮಾನ ಬೆರಳು ತೋರಿಸಿದ, ಇಬ್ಬರು ಬಂದು ಅವಳ ರಟ್ಟೆ ಹಿಡಿದರು. ಆಗ ನಾನು ಸೊಪ್ಪಿನ ಮೊರ ಕೆಳಗಿಟ್ಟು, "ಅಕಿನ್ನ ಒಂದ ಮಾತ ಕೇಳ್ರೋ!" ಎಂದು ಕೂಗಿಬಿಟ್ಟೆ. ನಿಮ್ಮಿಬ್ಬರಿಗಿರಲಿ, ಪಕ್ಕದ ಮನೆಯವರಿಗೂ ಕೇಳಿಸಿತಂತೆ. ಮೆಲ್ಲಗೆ ಮಾತಾಡುವ ಅಜ್ಜಿಗೆ ಏನಾಯಿತೆಂದು ನೀವು ತಿರುಗಿ ನೋಡಿದಿರಿ. ನಾನು ಎದ್ದು ಒಳಗೆ ಹೋದೆ.

ಮುಂದಿನ ವಾರ ಆ ಹುಡುಗಿ ನಿಜವಾಗಿಯೂ ದ್ರೋಹಿಯೆಂದೇ ತಿಳಿಯಿತು. ನನ್ನ ಮರ್ಯಾದೆ ಹೋಯಿತು. ಮಲ್ಹಾರ ಇಡೀ ದಿನ "ಅಜ್ಜಿ, ನಿನ್ನ ಗೆಳತಿ" ಎಂದು ಕಾಡಿದ. ಕಾಡಲಿ. ನಳಿಗೆ ಕೆಂಪಾದ ಕೂಡಲೇ ರಟ್ಟೆ ಹಿಡಿಯುವವರ ಮೇಲೆ ನನಗೆ ಈಗಲೂ ನಂಬಿಕೆಯಿಲ್ಲ. ಏಕೆಂದು ಬಾಯಲ್ಲಿ ಹೇಳಲು ಬರಲಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ. ಬರೆಯುವಾಗ ಎದುರಿಗೆ ಯಾರೂ ಇರುವುದಿಲ್ಲವಲ್ಲ, ನನ್ನಂಥವಳಿಗೆ ಅದೇ ಹಗುರ.

ಪ್ರಾಜಕ್ತಾ, ನೀನು ಒಂದು ದಿನ ಹೇಳಿದ್ದೆ: ಇಂಥ ಸೀರಿಯಲ್ಲುಗಳಲ್ಲಿ ಇಂದು ತೋರಿಸಿದ್ದು ನಾಳೆ ಅಂಗಡಿಗೆ ಬರುತ್ತದೆ, ಕಿಸೆಯಲ್ಲಿಟ್ಟುಕೊಳ್ಳುವ ಫೋನು ಮೊದಲು ಬಂದದ್ದು ಕತೆಯಲ್ಲೇ, ಹಾಲು ಕೊಡುವ ಪ್ರಾಣಿಯಿಲ್ಲದೆ ಹಾಲು, ಕುರಿಯಿಲ್ಲದೆ ಮಾಂಸ, ಎಲ್ಲ ಮುಂದೆ ಗಾಜಿನ ಪಾತ್ರೆಯಲ್ಲೇ ತಯಾರಾಗುತ್ತದೆ ಎಂದು. ನೀನು ಇದನ್ನು ಹೊಸದೆಂಬಂತೆ ಹೇಳಿದೆ. ನನಗೆ ಒಳಗೊಳಗೇ ನಗು. ಎಮ್ಮೆಯಿಲ್ಲದ ತುಪ್ಪ ನನ್ನ ಮದುವೆಗೂ ಮುಂಚೆಯೇ ಸೊಲ್ಲಾಪುರದ ಅಂಗಡಿಗೆ ಬಂದು ಕೂತಿತ್ತು, ಮಗಳೆ. ಎಣ್ಣೆಯನ್ನು ಕಾರಖಾನೆಯಲ್ಲಿ ಏನೋ ಗಾಳಿ ಊದಿ ತುಪ್ಪದ ಹಾಗೆ ಗಟ್ಟಿ ಮಾಡುತ್ತಾರೆ ಎನ್ನುತ್ತಿದ್ದರು. ವನಸ್ಪತಿ ಎಂದು ಅದರ ಹೆಸರು. ನಾವು ಡಬ್ಬಿ ತುಪ್ಪ ಎನ್ನುತ್ತಿದ್ದೆವು. ನಮಗೆ ಟಿ.ವಿ. ಇರಲಿಲ್ಲ. ಆದ್ದರಿಂದ ಮೊದಲು ಕತೆಯಲ್ಲಿ ನೋಡಿ ಒಗ್ಗಿಸಿಕೊಳ್ಳುವ ಅನುಕೂಲವೂ ಇರಲಿಲ್ಲ. ನಾಳೆ ಬರಬೇಕಾದದ್ದು ಸೀದಾ ಇಂದೇ ಬಂದು ಬಾಗಿಲು ಬಡಿಯುತ್ತಿತ್ತು.

ಬಡಿದಾಗ ನಾವು ಬಾಗಿಲು ತೆರೆಯುತ್ತಿದ್ದೆವೆಂದು ತಿಳಿಯಬೇಡಿ. ಸೊಳ್ಳೆ ಸಾಯುವ ಬಿಳಿ ಔಷಧಿ ಹೊಡೆಯಲು ಸರಕಾರದವರು ಪಂಪು ಹೊತ್ತು ಬಂದಾಗ, ನಮ್ಮ ಓಣಿಯ ಹೆಂಗಸರು ಮನೆಯಲ್ಲಿ ಬಾಣಂತಿಯಿದ್ದಾಳೆಂದು ಹೇಳಿ ಅವರನ್ನು ಹಿಂದಕ್ಕೆ ಕಳಿಸಿದರು. ಒಂದೇ ಓಣಿಯಲ್ಲಿ ಅಷ್ಟು ಬಾಣಂತಿಯರಿರುವುದು ಹೇಗೆಂದು ಆ ಪಂಪಿನವನು ಹಣೆ ಹಣೆ ಬಡಿದುಕೊಂಡ. ಇನ್ನು ಡಬ್ಬಿ ತುಪ್ಪದ ಬಗ್ಗೆಯಂತೂ ಬಾಯಿಗೊಂದು ಮಾತು. ಅದನ್ನು ತಿಂದವರಿಗೆ ಏನೂ ಆಗುವುದಿಲ್ಲ, ಅವರ ಮೊಮ್ಮಕ್ಕಳಿಗೆ ಕಣ್ಣು ಕಾಣುವುದಿಲ್ಲ ಎಂದು ನಮ್ಮ ಅತ್ತೆ ಖಡಾಖಂಡಿತ ಹೇಳುತ್ತಿದ್ದರು. ನಿಮ್ಮಿಬ್ಬರಿಗೂ ಐದನೇ ಇಯತ್ತೆಯಲ್ಲೇ ಚಷ್ಮೆ ಬಂತು. ನಾನು ಏನೂ ಹೇಳುವುದಿಲ್ಲ. ಸುಮ್ಮನೆ ನೋಡುತ್ತೇನೆ, ಅಷ್ಟೆ.

ನಾನು ಸೊಲ್ಲಾಪುರದ ಹತ್ತಿರದ ಕುಂಭಾರಿ ಊರಿಗೆ ಸೊಸೆಯಾಗಿ ಬಂದದ್ದು ಆ ಕಾಲದಲ್ಲೇ. ನನ್ನ ತವರು ಅಕ್ಕಲಕೋಟೆಯ ಹತ್ತಿರದ ಒಂದು ಸಣ್ಣ ಹಳ್ಳಿ. ನಾಲ್ಕನೇ ಇಯತ್ತೆಯವರೆಗೆ ಕನ್ನಡ ಶಾಲೆ ಕಲಿತೆ. ಮಾಸ್ತರರು ಪದ್ಯ ಹೇಳು ಎಂದರೆ ಕರಿಹಲಗೆಯ ಹಿಂದೆ ಹೋಗಿ ನಿಂತು ಹೇಳುತ್ತಿದ್ದೆ. ಮುಖ ಕಾಣದಿದ್ದರೆ ಪೂರ್ತಿ ಬರುತ್ತಿತ್ತು, ಕಂಡರೆ ಮೊದಲ ಸಾಲೂ ಇಲ್ಲ. ಗಂಡನ ಮನೆಗೆ ಬಂದಮೇಲೆ ಕರಿಹಲಗೆ ಎಲ್ಲಿಂದ ತರಲಿ? ಗೋಡೆಯ ಕಡೆಗೆ ತಿರುಗಿ ಮಾತಾಡುತ್ತಿದ್ದೆ. "ನನ್ನ ಸ್ವಸಿ ಗ್ವಾಡಿಗಿ ಕೊಟ್ಟಾಕಿ" ಎಂದು ಅತ್ತೆ ಓಣಿಯವರ ಮುಂದೆ ನಗುತ್ತಿದ್ದರು.

ಅತ್ತೆಯ ಹೆಸರು ನೀಲವ್ವ. ಮನೆಯಲ್ಲಿ ಹೊಲವಿತ್ತು, ಕುರಿಯಿತ್ತು, ಎರಡು ಎಮ್ಮೆಗಳಿದ್ದವು. ಗಂಡಸರ ಬದುಕು ಕುರಿಯದಾದರೆ ಅತ್ತೆಯ ಬದುಕು ತುಪ್ಪದ್ದು. ತಾವು ಕುಂಭಾರಿಗೆ ಸೊಸೆಯಾಗಿ ಬಂದಾಗಿನಿಂದಲೂ ಅವರು ಸೊಲ್ಲಾಪುರದ ನವಿ ಪೇಠೆಯಲ್ಲಿ ಬಟ್ಟೆ ಅಂಗಡಿಯಿಟ್ಟಿದ್ದ ಒಬ್ಬ ಸಾವುಕಾರರ ಮನೆಗೆ ತುಪ್ಪ ಹಾಕುತ್ತಿದ್ದರು. ಅದರ ಮೇಲೆ ಅವರಿಗೆ ಎಂಥ ಅಭಿಮಾನ! ಸಾವುಕಾರರ ಮನೆಯ ಲಗ್ನಗಳೆಲ್ಲ ತಮ್ಮ ತುಪ್ಪದ ಹೋಳಿಗೆಯಿಂದಲೇ ಆದವು ಎಂದು ಹೇಳುವಾಗ, ಆ ಮದುಮಕ್ಕಳನ್ನು ತಾವೇ ಹೆತ್ತಂತೆ ಹೇಳುತ್ತಿದ್ದರು.

ನಾನು ಬಂದ ಮೊದಲ ವರ್ಷ, ಮಳೆಗಾಲ ಮುಗಿದು ನಿಮ್ಮ ಅಜ್ಜ ಕುರಿ ಹೊಡೆದುಕೊಂಡು ದೂರದ ಸೀಮೆಗೆ ಹೋಗಿದ್ದರು. ಕುರಿಯವರು ಹಾಗೆ ಹೋದರೆ ಬರುವುದು ಯಾವಾಗಲೋ. ಮನೆಯಲ್ಲಿ ಅತ್ತೆ, ಮಾವ, ನಾನು. ಅತ್ತೆಯ ತುಪ್ಪದ ಹಳೆಯ ಗಡಿಗೆ ಎಮ್ಮೆ ಒದ್ದು ಒಡೆದಿತ್ತು. ಕುಂಬಾರರ ಮನೆಯಿಂದ ಹೊಸ ಗಡಿಗೆ ತಂದು ಪಳಗಿಸು ಎಂದು ನನಗೆ ಒಪ್ಪಿಸಿದರು. ಬೆಣ್ಣೆ ಕಡೆಯುವುದು, ಕಾಯಿಸುವುದು, ಎಲ್ಲ ನಿಧಾನವಾಗಿ ನನ್ನ ಕೈಗೆ ಬಂದಿತ್ತು. ಅತ್ತೆ ತಿಂಗಳಿಗೊಮ್ಮೆ ಗಡಿಗೆ ಹೊತ್ತು ನವಿ ಪೇಠೆಗೆ ಹೋಗಿ ಬರುತ್ತಿದ್ದರು.

ಒಂದು ಸಂಜೆ ಹೋದ ಗಡಿಗೆ ಹಾಗೇ ತುಂಬಿಕೊಂಡು ವಾಪಸು ಬಂತು.

ಅತ್ತೆ ಗಡಿಗೆಯನ್ನು ಅಂಗಳದ ನಡುವೆ ಇಟ್ಟರು. ಒಳಗೆ ತರಲಿಲ್ಲ. ಮಾವ, "ಯಾಕ, ಮನ್ಯಾಗ ಯಾರೂ ಇದ್ದಿದ್ದಿಲ್ಲೇನು?" ಎಂದು ಕೇಳಿದರು.

"ಎಲ್ಲಾರೂ ಇದ್ರು. ನನ್ನ ಮಾರಿ ನೋಡಾಕ ಎಲ್ಲಾರೂ ಬಂದಿದ್ರು" ಎಂದರು ಅತ್ತೆ. "ಡಬ್ಬಿ ತುಪ್ಪ ಕೂಡಸೀನಂತ. ನೀಲವ್ವ ಡಬ್ಬಿ ತುಪ್ಪ ಕೂಡಸ್ಯಾಳಂತ!"

ಆದದ್ದು ಇಷ್ಟು. ಸಾವುಕಾರರ ಮಗ ವಿರೂಪಣ್ಣ ಸೊಲ್ಲಾಪುರದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಯುತ್ತಿದ್ದ. ಹೊಸದಾಗಿ ಕಲಿತವರಿಗೆ ಇರುವ ಹುರುಪು ಅವನಿಗೂ ಇತ್ತು. ಮನೆಯ ಮಾಳಿಗೆಯ ಒಂದು ಕಪಾಟಿನಲ್ಲಿ ಗಾಜಿನ ನಳಿಗೆಗಳು, ತೇಜಾಬು ಎನ್ನುವ ಆಸಿಡ್ಡಿನ ಬಾಟಲಿ, ಸ್ಪಿರಿಟ್ಟಿನ ಬತ್ತಿ ಇಟ್ಟುಕೊಂಡು ಕಂಡದ್ದನ್ನೆಲ್ಲ ಪರೀಕ್ಷೆ ಮಾಡುತ್ತಿದ್ದನಂತೆ. ಅವನ ತಾಯಿ ಗೌರಮ್ಮನವರಿಗೆ ಸ್ವಭಾವದಲ್ಲೇ ಸಂಶಯ ಹೆಚ್ಚು. ಮೊದಲು ಕೈಯ ಹಿಂಬದಿಗೆ ತುಪ್ಪ ಉಜ್ಜಿ, ಮೂಸಿ, ಬೆಳಕಿಗೆ ಹಿಡಿದು, ಮತ್ತೆ ಮೂಸಿ ತಗೊಳ್ಳುತ್ತಿದ್ದರು. ಈಗ ಮಗನ ರೂಪದಲ್ಲಿ ಅವರ ಸಂಶಯಕ್ಕೆ ಒಂದು ಯಂತ್ರವೇ ಸಿಕ್ಕಿತು. ಹಾಲಿನವನು ಹೋದ, ಚಹಾ ಪುಡಿಯವನು ಹೋದ, ಜೇನುತುಪ್ಪದವನಂತೂ ಮೆಟ್ಟಿಲಿಂದಲೇ ಓಡಿದ. ಆಮೇಲೆ ನಮ್ಮ ತುಪ್ಪದ ಸರದಿ. ಕಾಯಿಸಿದ ತುಪ್ಪಕ್ಕೆ ಸಕ್ಕರೆ ಹಾಕಿದ ತೇಜಾಬು ಸೇರಿಸಿ ಅಲುಗಾಡಿಸಿ ಇಟ್ಟ. ತಳದಲ್ಲಿ ಕೆಂಪು ಬಂತು. ಕೆಂಪು ಬಂದರೆ ವನಸ್ಪತಿ ಬೆರೆತಿದೆ ಎಂದು ಪುಸ್ತಕದಲ್ಲಿದೆಯಂತೆ.

"ನಾ ಇಪ್ಪತ್ತ ವರ್ಷ ಹಾಕೀನಿ, ಒಮ್ಮಿ ಮಾತ ಬಂದಿಲ್ಲ" ಎಂದರು ಅತ್ತೆ. ಹೇಳುತ್ತ ಹೇಳುತ್ತ ಅವರ ಕಣ್ಣು ನನ್ನ ಕಡೆ ತಿರುಗಿತು. ನಾನು ಗೋಡೆಯ ಕಡೆ ತಿರುಗಿದೆ. ತಿರುಗಬಾರದಿತ್ತು. ಆದರೆ ಅದು ನನ್ನ ಸ್ವಭಾವ, ಯಾರು ನೋಡಿದರೂ ತಿರುಗುತ್ತಿದ್ದೆ. ಅಂದು ಮಾತ್ರ ಅದಕ್ಕೆ ಬೇರೆ ಅರ್ಥ ಬಂತು.

ಆಮೇಲೆ ಒಂದೊಂದೇ ಸಾಕ್ಷಿ ಎದ್ದು ಬಂತು. ನನ್ನ ಸೋದರಮಾವನದು ಅಕ್ಕಲಕೋಟೆಯಲ್ಲಿ ಭಜಿ ಅಂಗಡಿ. ಅವನಲ್ಲಿ ಡಬ್ಬಿ ತುಪ್ಪ ಬರುತ್ತಿತ್ತು. ಮದುವೆಯಲ್ಲಿ ಅವನು ನನಗೆ ಮುಚ್ಚಳವಿರುವ ಒಂದು ಖಾಲಿ ಡಬ್ಬಿ ಕೊಟ್ಟಿದ್ದ. ಇಂದು ನಿಮಗೆ ನಗು ಬರಬಹುದು. ಆಗ ಅಂಥ ಡಬ್ಬಿ ಎಂದರೆ ಪೆಟ್ಟಿಗೆ ಇದ್ದ ಹಾಗೆ. ನಾನು ಅದರಲ್ಲಿ ಬಳೆ, ಬಾಚಣಿಕೆ, ಒಂದು ಕನ್ನಡಿ ಇಟ್ಟುಕೊಂಡಿದ್ದೆ. ಅತ್ತೆ ಅದನ್ನು ಗೋಡೆಯ ಮಾಡದಿಂದ ಇಳಿಸಿ, ಬಳೆಗಳನ್ನು ತೆಗೆದು ಹಾಸಿಗೆಯ ಮೇಲಿಟ್ಟು, ಡಬ್ಬಿಯೊಳಗೆ ಮೂಗಿಟ್ಟು ಮೂಸಿದರು. ಏನು ವಾಸನೆ ಬಂತೋ ಹೇಳಲಿಲ್ಲ. ಬಳೆಗಳನ್ನು ಮತ್ತೆ ಅದರಲ್ಲಿ ಇಡಲೂ ಇಲ್ಲ.

ಅಂದಿನಿಂದ ನಾನು ಕಡೆಯುವಾಗ ಹಿಂದೆ ಅತ್ತೆ. ಕಾಯಿಸುವಾಗ ಒಲೆಯ ಆಚೆ ಅತ್ತೆ. ಅವರು ಬೈಯಲಿಲ್ಲ. ಬೈದಿದ್ದರೆ ಅಳಬಹುದಿತ್ತು. ಬೆನ್ನಿನ ಮೇಲೆ ಎರಡು ಕಣ್ಣು ಇಟ್ಟುಕೊಂಡು ಬೆಣ್ಣೆ ಕಡೆಯುವುದಿದೆಯಲ್ಲ, ಕೈ ತಾನೇ ಕಳ್ಳ ಕೈಯಾಗುತ್ತದೆ. ನಾನು ಕೆಮ್ಮಿದರೂ ಏನೋ ಮುಚ್ಚಲು ಕೆಮ್ಮಿದಂತೆ ನನಗೇ ಅನ್ನಿಸುತ್ತಿತ್ತು.

ಮಾವ ಬೀರೋಬನ ಭಕ್ತರು. ಅವರಿಗೆ ಇದರ ಪರಿಹಾರ ಸುಲಭವಾಗಿ ಕಂಡಿತು. "ಭಂಡಾರ ಎತ್ತಲಿ. ಮುಗೀತು" ಎಂದರು. ಭಂಡಾರ ಎಂದರೆ ದೇವರ ಅರಿಶಿನ. ಅದನ್ನು ಅಂಗೈಯಲ್ಲಿ ಹಿಡಿದು ನಮ್ಮವರು ಸುಳ್ಳು ಹೇಳುವುದಿಲ್ಲ. ನಾನು ಎತ್ತಿದೆ. ಕೂಡಿಸಿಲ್ಲ ಎಂದು ಹೇಳಿದೆ, ಗೋಡೆಗಲ್ಲ, ದೇವರಿಗೆ. ಬೆರಳಸಂದಿಯಿಂದ ಸ್ವಲ್ಪ ಅರಿಶಿನ ಕೆಳಗೆ ಚೆಲ್ಲಿತು. ಮಾವ ನನ್ನ ಹಣೆಗೆ ಹಚ್ಚಿ, "ಇನ್ನ ಯಾರೂ ಒಂದ ಮಾತ ಅನ್ನಬ್ಯಾಡ್ರಿ" ಎಂದರು.

ಅತ್ತೆ ನೆಲದ ಮೇಲೆ ಚೆಲ್ಲಿದ್ದನ್ನೇ ನೋಡುತ್ತಿದ್ದರು. "ನಮಗ ಇದು ಸಾಕು. ನವಿ ಪೇಠ್ಯಾಗ ಇದು ನಡಿಯಂಗಿಲ್ಲ. ಅವ್ರ ದೇವ್ರು ಬಾಟ್ಲ್ಯಾಗ ಕುಂತಾನ" ಎಂದರು. ಆಮೇಲೆ ತೀರ್ಮಾನ ಹೇಳಿದರು. ಈ ಸಲದ ತುಪ್ಪವನ್ನು ಹಾಲು ಹಿಂಡುವುದರಿಂದ ಹಿಡಿದು ಗಡಿಗೆಗೆ ತುಂಬುವವರೆಗೆ ತಾವೇ ಮಾಡುತ್ತಾರೆ, ನಾನು ಮುಟ್ಟಬಾರದು. ಅದನ್ನು ತಗೊಂಡು ಇಬ್ಬರೂ ನವಿ ಪೇಠೆಗೆ ಹೋಗುವುದು. ಕೆಂಪು ಬರದಿದ್ದರೆ ಹಿಂದಿನ ತುಪ್ಪ ಕೆಡಿಸಿದ್ದು ನಾನೇ ಎಂದಾಯಿತು. ಅಲ್ಲಿಂದಲೇ ನನ್ನನ್ನು ಅಕ್ಕಲಕೋಟೆಯ ಮೋಟಾರು ಹತ್ತಿಸುವುದು.

"ಗಂಟ ಕಟ್ಗೊ" ಎಂದರು ನನಗೆ.

ತವರಿಗೆ ಹಾಗೆ ಕಳಿಸಿದ ಸೊಸೆಯನ್ನು ಮತ್ತೆ ಕರೆಸಿಕೊಂಡ ಮನೆ ನಮ್ಮ ಸೀಮೆಯಲ್ಲಿ ನಾನು ಕಂಡಿರಲಿಲ್ಲ. ಗಂಡ ಕುರಿಯ ಹಿಂದೆ ಎಲ್ಲಿದ್ದಾನೋ ಗೊತ್ತಿಲ್ಲ. ಕಾಗದ ಬರೆಯಲು ನನಗೆ ಬರುತ್ತಿತ್ತು, ಆದರೆ ಕುರಿಗೆ ಯಾವ ವಿಳಾಸ? ಎರಡು ಸೀರೆ, ಬಳೆ, ಬಾಚಣಿಕೆ ಗಂಟು ಕಟ್ಟಿದೆ. ಡಬ್ಬಿಯನ್ನು ಮುಟ್ಟಲಿಲ್ಲ.

ಅತ್ತೆ ಎರಡು ಪಾತ್ರೆಯಲ್ಲಿ ತುಪ್ಪ ತುಂಬಿದ್ದರು. ಅದೇ ದೊಡ್ಡ ಗಡಿಗೆ ಸಾವುಕಾರರಿಗೆ. ಇನ್ನೊಂದು ಸಣ್ಣ ಹಿತ್ತಾಳೆ ಗಿಂಡಿ. ಅದೇ ತುಪ್ಪವನ್ನು ಕಾಯಿಸಿದ ಬಾಣಲೆಯಿಂದಲೇ ಅದಕ್ಕೂ ಒಂದಿಷ್ಟು ಹಾಕಿದ್ದರು. ತಮ್ಮ ಹೆಸರಿಗೆ ಬಂದ ಕಳಂಕ ಕಳೆಯಲೆಂದು ಸೊಲ್ಲಾಪುರದ ಗುಡಿಯಲ್ಲಿ ದೀಪ ಹಚ್ಚುವ ಹರಕೆ ಹೊತ್ತಿದ್ದರು. ದೇವರ ತುಪ್ಪವನ್ನು ಯಾರೂ ಮೂಸುವಂತೆಯೂ ಇರಲಿಲ್ಲ.

ಸಾವುಕಾರರ ಮನೆ ಅಂಗಡಿಯ ಹಿಂದೆ. ಒಳಗಿನ ಪಡಸಾಲೆಯಲ್ಲಿ ಗೌರಮ್ಮನವರು, ಅವರ ಇಬ್ಬರು ಸೊಸೆಯರು, ಸಾವುಕಾರರು, ಎಲ್ಲ ಕೂತಿದ್ದರು. ವಿರೂಪಣ್ಣ ನಳಿಗೆಗಳನ್ನು ಕೆಳಗೆ ತಂದ. ತೆಳ್ಳಗೆ ಇದ್ದ, ನನ್ನಷ್ಟೇ ವಯಸ್ಸು. ನಾನು ಕಂಬದ ಹಿಂದೆ ಗಂಟು ಇಟ್ಟುಕೊಂಡು ನಿಂತೆ.

ಅವನು ಗಡಿಗೆಯ ತುಪ್ಪ ತೆಗೆದು ಬಿಸಿ ಮಾಡಿದ, ತೇಜಾಬು ಹಾಕಿದ, ನಳಿಗೆಯ ಬಾಯಿಗೆ ಬೂಚು ಹಾಕಿ ಅಲುಗಾಡಿಸಿ ಕಟ್ಟಿಗೆಯ ಚೌಕಟ್ಟಿನಲ್ಲಿ ನಿಲ್ಲಿಸಿದ. ಮೇಲೆ ತುಪ್ಪ ತೇಲಿತು. ತಳದಲ್ಲಿ ಮೊದಲು ಏನೂ ಇರಲಿಲ್ಲ. ಆಮೇಲೆ ನಿಧಾನವಾಗಿ ಗುಲಾಬಿ ಶರಬತ್ತಿನ ಬಣ್ಣ ಇಳಿಯಿತು.

ಅತ್ತೆಯ ಮುಖ ನಾನು ಎಂದೂ ಮರೆಯಲಾರೆ. ಆ ತುಪ್ಪವನ್ನು ಅವರೇ ಮಾಡಿದ್ದರು.

"ಅಂದ್ರ, ಕಳ್ಳಿ ನಾನಽ ಅಂತೇನು ನಿನ್ನ ಬಾಟ್ಲಿ?" ಎಂದು ವಿರೂಪಣ್ಣನನ್ನು ಕೇಳಿದರು. ಧ್ವನಿ ಏರಿತು. "ನೀ ಹುಟ್ಟಿದಾಗ ನಿಮ್ಮವ್ವಗ ಬಾಣಂತನದ ತುಪ್ಪ ಹಾಕಿದಾಕಿ ನಾ! ಆವಾಗ ಯಾಕ ಕೆಂಪಾಗಲಿಲ್ಲ ನೀ?"

"ಮೌಶಿ, ನಾ ನಿಮಗ ಅಂದಿಲ್ಲ. ರಿಝಲ್ಟ್ ಹಂಗ ಬಂತು" ಎಂದ ಅವನು.

ಗೌರಮ್ಮನವರು ಸೆರಗು ಸರಿಮಾಡಿಕೊಂಡರು. "ನೀಲವ್ವ, ನಿನ್ನ ಮ್ಯಾಲ ನಮಗ ಸಂಶೇ ಇಲ್ಲ. ಗಡಿಗಿ ಮೋಟರದಾಗ ಯಾರ ತೊಡಿ ಮ್ಯಾಲಿತ್ತು?"

ಎಲ್ಲರ ಕಣ್ಣು ಕಂಬದ ಕಡೆ ಬಂದವು. ಗಡಿಗೆ ನನ್ನ ತೊಡೆಯ ಮೇಲಿತ್ತು. ಬಾಯಿಗೆ ಬಟ್ಟೆ ಕಟ್ಟಿ ಬಂದಿತ್ತು ನಿಜ, ಆದರೆ ಬಟ್ಟೆ ಬಿಚ್ಚಲು ಎಷ್ಟು ಹೊತ್ತು? ಅತ್ತೆ ನನ್ನನ್ನು ನೋಡಿದರು, ನಳಿಗೆಯನ್ನು ನೋಡಿದರು. ಅವರಿಗೂ ಆ ಮಾತು ಬೇಕಾಗಿತ್ತೇನೋ. ಕಳಂಕ ತಮ್ಮ ಮೇಲಿಂದ ಇಳಿಯುವುದಾದರೆ ಇಳಿದು ಹೋಗಲು ಅಲ್ಲೇ ಒಂದು ಜಾಗವಿತ್ತು. ನಾನು ಗಂಟು ಎತ್ತಿಕೊಂಡೆ. ಮೋಟಾರು ಸ್ಟ್ಯಾಂಡಿಗೆ ದಾರಿ ಯಾವುದು ಎಂದು ಯೋಚಿಸುತ್ತಿದ್ದೆ.

ಆಗ ಅಂಗಡಿಯ ಲೆಕ್ಕದಲ್ಲಿ ಪಳಗಿದ ಸಾವುಕಾರರು ಮಗನನ್ನು ಕೇಳಿದರು: "ಅಲ್ಲೋ, ವನಸ್ಪತಿ ಅನ್ನೋದು ನಿನ್ನ ತೇಜಾಬಿಗಿ ಹ್ಯಾಂಗ ಗೊತ್ತಾಗ್ತದ? ಅದೂ ಬೆಳ್ಳಗ, ಇದೂ ಬೆಳ್ಳಗ."

"ಅಪ್ಪಾ, ಅದಕ್ಕ ವನಸ್ಪತಿ ಗೊತ್ತಾಗಂಗಿಲ್ಲ. ಕಾರಖಾನಿಯವ್ರು ವನಸ್ಪತಿಯಾಗ ಸ್ವಲ್ಪ ಎಳ್ಳೆಣ್ಣಿ ಹಾಕ್ಲಿಕ್ಕೇ ಬೇಕಂತ ಸರಕಾರದ ಕಾಯ್ದೆ ಅದ, ಕಲಬೆರಕಿ ಮಾಡಿದ್ರ ಸಿಗಲಿ ಅಂತ. ತೇಜಾಬು ಹಿಡಿಯೋದು ಆ ಎಳ್ಳೆಣ್ಣಿನ್ನ."

ಎಳ್ಳೆಣ್ಣೆ ಎಂಬ ಮಾತು ಕಿವಿಗೆ ಬಿದ್ದದ್ದೇ ನನ್ನ ಕಾಲು ನಿಂತಲ್ಲೇ ನಿಂತವು. ನನ್ನ ತವರಿನಲ್ಲಿ ಹೊಸ ಗಡಿಗೆಯನ್ನು ಎಳ್ಳೆಣ್ಣೆಯಿಂದ ಪಳಗಿಸುತ್ತಾರೆ. ಒಳಗೆಲ್ಲ ಎಣ್ಣೆ ಸವರುವುದು, ಬಿಸಿಲಿಗೆ ಇಡುವುದು, ಕುಡಿದ ಮೇಲೆ ಮತ್ತೆ ಸವರುವುದು. ಹಸಿ ಮಣ್ಣಿನ ಗಡಿಗೆ ತುಪ್ಪ ಕುಡಿಯಬಾರದೆಂದು ಮೊದಲೇ ಎಣ್ಣೆ ಕುಡಿಸಿ ಹೊಟ್ಟೆ ತುಂಬಿಸುವುದು. ಕುಂಭಾರಿಯಲ್ಲಿ ಇದನ್ನು ಕುಸುಬಿ ಎಣ್ಣೆಯಲ್ಲಿ ಮಾಡುತ್ತಿದ್ದರಂತೆ. ಯಾರೂ ನನಗೆ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಹೊಸ ಸೊಸೆ ಚೆನ್ನಾಗಿ ಮಾಡಿ ತೋರಿಸಬೇಕೆಂದು ತವರಿನಿಂದ ಬಂದ ಎಳ್ಳೆಣ್ಣೆಯನ್ನೆಲ್ಲ ಆ ಗಡಿಗೆಗೆ ಕುಡಿಸಿದ್ದೆ.

ಇದನ್ನು ಹೇಳಬೇಕು. ಎದುರಿಗೆ ಅಷ್ಟು ಜನ. ಅದರಲ್ಲೂ ಗಂಡಸರು. ಅತ್ತೆಯ ಸೆರಗು ಹಿಡಿದು ಎಳೆದೆ.

"ಏನು?" ಎಂದರು ಅತ್ತೆ.

"ಗಡಿಗಿ..." ಎಂದೆ.

"ಗಡಿಗಿ ಏನು? ಬಾಯಿ ಬಿಚ್ಚಿ ಹೇಳ. ಇಲ್ಲಿ ಗ್ವಾಡಿ ಇಲ್ಲ, ಮಂದಿಗೇ ಹೇಳ."

ಹೇಳಿದೆ. ಕಣ್ಣು ನೆಲದ ಮೇಲಿಟ್ಟು, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದೆ. "ಗಡಿಗಿ ಎಳ್ಳೆಣ್ಣಿ ಕುಡದದ್ರಿ. ನಾನಽ ಕುಡಿಸೀನಿ. ನಮ್ಮ ತವರ ಮನ್ಯಾಗ ಹಂಗಽ ಪಳಗಸ್ತಾರ್ರಿ."

ಗೌರಮ್ಮನವರು ನಕ್ಕರು. "ಕೇಳ್ರೆವ್ವಾ! ಈಗ ಗಡಿಗಿ ಮ್ಯಾಲ ಹಾಕಿದ್ಲು. ಗಡಿಗಿಗಿ ಬಾಯಿ ಇಲ್ಲಲ್ಲ, ಅಲ್ಲ ಅನ್ನಾಕ."

ವಿರೂಪಣ್ಣ ನಗಲಿಲ್ಲ. ಅವನ ಕಣ್ಣು ದೊಡ್ಡವಾದವು. ನನ್ನ ಮೇಲಿನ ಕರುಣೆಯಿಂದ ಅಲ್ಲ, ಅವನಿಗೆ ಲೆಕ್ಕ ಬಿಡಿಸುವ ಹುಚ್ಚು. "ಆಗಬಹುದು, ಅವ್ವಾ. ಒಂದ ಹನಿ ಇದ್ರೂ ಕೆಂಪಾಗ್ತದ. ಆದ್ರ ಗಡಿಗಿ ಮುಟ್ಟದ ತುಪ್ಪ ಇದ್ರ ನೋಡಬಹುದಿತ್ತು. ಇದಽ ಬೆಣ್ಣಿದು. ಅದ ಏನು, ಮೌಶಿ?"

ಇತ್ತು. ಅತ್ತೆಯ ಸೆರಗಿನೊಳಗಿತ್ತು. ನನಗೆ ಗೊತ್ತಿತ್ತು, ಅತ್ತೆಗೆ ಗೊತ್ತಿತ್ತು. ನಾನು ಕೇಳುವಂತಿರಲಿಲ್ಲ. ಹರಕೆಯ ತುಪ್ಪವನ್ನು ತೇಜಾಬಿಗೆ ಹಾಕುವುದೆಂದರೇನು? ಒಮ್ಮೆ ಅದರಿಂದ ತೆಗೆದರೆ ಉಳಿದದ್ದು ಎಂಜಲು. ತಮ್ಮ ಹೆಸರಿಗಾಗಿ ಹೊತ್ತ ಹರಕೆ ಅದು. ಅತ್ತೆ ಸೆರಗಿನ ಮೇಲೆ ಕೈಯಿಟ್ಟುಕೊಂಡು ನಿಂತೇ ಇದ್ದರು. ನನ್ನ ಕೈಯ ಗಂಟನ್ನು ನೋಡಿದರು.

ಆಮೇಲೆ ಗಿಂಡಿಯನ್ನು ಹೊರಗೆ ತೆಗೆದು ವಿರೂಪಣ್ಣನ ಮುಂದೆ ಹಿಡಿದರು.

ಗೌರಮ್ಮನವರಿಗೇ ಗಾಬರಿಯಾಯಿತು. "ನೀಲವ್ವ, ಅದು ದೇವ್ರದಲ್ಲೇನು?"

"ದೇವ್ರು ನಾಳಿಗೂ ಇರ್ತಾನ್ರಿ ಅವ್ವಾರ. ಈಕಿ ಮೋಟರ ಇವತ್ತ ಹೋಗ್ತದ" ಎಂದರು ಅತ್ತೆ.

ವಿರೂಪಣ್ಣ ಹೊಸ ನಳಿಗೆ ತೆಗೆದುಕೊಂಡ. ಅದನ್ನು ಬಚ್ಚಲಿಗೆ ಒಯ್ದು ಮತ್ತೊಮ್ಮೆ ತೊಳೆದು, ಬೆಳಕಿಗೆ ಹಿಡಿದು ನೋಡಿ ತಂದ. ಅವನ ಬಗ್ಗೆ ನನಗೆ ಈಗಲೂ ಒಳ್ಳೆಯ ಮಾತೇ ಬರುವುದು ಅದಕ್ಕೆ. ತುಪ್ಪ, ಸಕ್ಕರೆ, ತೇಜಾಬು. ಅಲುಗಾಡಿಸಿ ಚೌಕಟ್ಟಿನಲ್ಲಿ ಕೆಂಪು ನಳಿಗೆಯ ಪಕ್ಕಕ್ಕೆ ನಿಲ್ಲಿಸಿದ. ಎಲ್ಲರೂ ಬಾಗಿ ನೋಡಿದರು, ನಾನ್ಯಾಕೆ ನೋಡಲಿ? ನಾನು ಅವರ ಮುಖಗಳನ್ನು ನೋಡಿದೆ. ಆ ಮುಖಗಳಲ್ಲಿ ಬಣ್ಣ ಬರುತ್ತದೋ ಇಲ್ಲವೋ ಎಂದು ನೋಡಿದೆ. ಅಂಗಡಿಯಲ್ಲಿ ಯಾರೋ ಸೀರೆ ಬಿಚ್ಚಿ ತೋರಿಸುವ, ಮಡಿಚುವ ಸದ್ದು ಬರುತ್ತಿತ್ತು. ಬಹಳ ಹೊತ್ತಾದ ಮೇಲೆ ಸಾವುಕಾರರು ನೆಟ್ಟಗಾದರು.

"ಇಲ್ಲ, ಬರಲಿಲ್ಲ" ಎಂದರು.

ವಿರೂಪಣ್ಣ ಖುಷಿಯಲ್ಲಿ ಕಾಲೇಜಿನಲ್ಲಿ ಹೇಳಬೇಕು, ಬರೆಯಬೇಕು ಎಂದು ಏನೇನೋ ಹೇಳಿದ. ಅವನ ಬಾಟಲಿ ಸುಳ್ಳು ಹೇಳಿರಲಿಲ್ಲ, ಮಕ್ಕಳೇ. ಎಳ್ಳೆಣ್ಣೆ ಇದೆ ಎಂದು ಎರಡು ಸಲವೂ ಸರಿಯಾಗಿಯೇ ಹೇಳಿತ್ತು. ಕಳ್ಳಿ ಇದ್ದಾಳೆ ಎಂದು ಅದು ಹೇಳಲಿಲ್ಲ, ಅದನ್ನು ನಾವು ಸೇರಿಸಿದೆವು. ನಿಮ್ಮ ಸೀರಿಯಲ್ಲಿನ ವಿಜ್ಞಾನಿಯ ಮುಂದೆ ಹುಡುಗಿಯೊಬ್ಬಳು ನಿಂತಾಗ ನನಗೆ ಬೇಕಾದದ್ದು ಇಷ್ಟೇ: ಆ ನಳಿಗೆ ಹಿಡಿಯುವುದು ಏನನ್ನು ಎಂದು ಯಾರಾದರೂ ಒಬ್ಬ ಬಟ್ಟೆ ಅಂಗಡಿಯವನು ಕೇಳಬೇಕು. ಅಷ್ಟು ದೊಡ್ಡ ಹಡಗಿನಲ್ಲಿ ಅಂಥ ಒಬ್ಬನೂ ಇಲ್ಲ.

ಗೌರಮ್ಮನವರು ಮುಂದಿನ ತಿಂಗಳಿಂದ ಹಿತ್ತಾಳೆ ಪಾತ್ರೆಯಲ್ಲಿ ತುಪ್ಪ ತರಲು ಹೇಳಿದರು. ತರಿಸಿಕೊಂಡರು, ಪರೀಕ್ಷೆ ಮಾಡಿಸುವುದನ್ನು ಮಾತ್ರ ಬಿಡಲಿಲ್ಲ. ಸಂಶಯದ ರುಚಿ ಒಮ್ಮೆ ಹತ್ತಿದರೆ ಹಾಗೆಯೇ.

ಕುಂಭಾರಿಗೆ ವಾಪಸು ಬರುವಾಗ, ಅತ್ತೆ ತಪ್ಪಾಯಿತು ಎನ್ನುತ್ತಾರೇನೋ ಎಂದು ನಾನು ದಾರಿಯುದ್ದಕ್ಕೂ ಕಾದೆ. ನಮ್ಮ ಅತ್ತೆಯ ಬಾಯಲ್ಲಿ ಆ ಮಾತು ಹುಟ್ಟಿಬಂದದ್ದೇ ಇಲ್ಲ. ಗಡಿಗೆಯನ್ನು ಹಟ್ಟಿಯಲ್ಲಿ ಕಾಳು ತುಂಬಲು ಇಟ್ಟರು, ನನ್ನ ಗಂಟನ್ನು ನಾನೇ ಬಿಚ್ಚಿಕೊಂಡೆ.

ಮರುದಿನ ಬೆಳಿಗ್ಗೆ ಮೊಸರಿನ ಕೊಡದ ಮುಂದೆ ಕೂತೆ. ಅಭ್ಯಾಸದಂತೆ ಬೆನ್ನು ಬಿಗಿ ಹಿಡಿದು, ಹಿಂದೆ ಅತ್ತೆ ಬಂದು ಕೂಡುವುದನ್ನು ಕಾದೆ. ಅತ್ತೆ ಕುಡುಗೋಲು ಹಿಡಿದು ಹೊರಬಂದರು. "ಕಡದ ಕಾಸಿಟ್ಟ್ಬಿಡ. ನಾ ಹೊಲಕ್ಕ ಹೋಗಾಕತ್ತೀನಿ" ಎಂದು ಹೋದರು. ಬಾಗಿಲಲ್ಲಿ ನಿಲ್ಲಲಿಲ್ಲ, ತಿರುಗಿ ನೋಡಲಿಲ್ಲ. ನಾನು ಎದ್ದು ಹೋಗಿ ಸಂದಿಯಿಂದ ನೋಡಿದೆ. ನಿಜಕ್ಕೂ ಹೋಗುತ್ತಿದ್ದರು, ಓಣಿ ದಾಟಿ, ಜೋಳದ ಹೊಲದ ಬದುವಿನ ಮೇಲೆ. ಅಷ್ಟು ದಿನ ಬರದ ಅಳು ಆಗ ಬಂತು. ಕಡೆಯುತ್ತ ಅತ್ತು ಮುಗಿಸಿದೆ. ಬೆಣ್ಣೆ ಅಂದು ಬೇಗ ಬಂತೆಂದು ನನ್ನ ನೆನಪು. ಅದೂ ನಿಜವೋ, ಮುದುಕಿಯ ಕಲ್ಪನೆಯೋ, ಹೇಳಲಾರೆ.

ಅದಕ್ಕೇ ಹೇಳುತ್ತೇನೆ, ಇದನ್ನೂ ಕಣ್ಣು ಮುಚ್ಚಿ ನಂಬಬೇಡಿ. ಮಲ್ಹಾರ, ನಿನಗೆ ಕನ್ನಡ ಅಕ್ಷರ ಬರುವುದಿಲ್ಲ. ಪ್ರಾಜಕ್ತಾ, ನೀನು ಅಂಗಡಿಯ ಬೋರ್ಡು ಓದುವಷ್ಟು ಓದುತ್ತೀ. ಯಾರ ಕೈಯಲ್ಲಾದರೂ ಓದಿಸಬೇಕಾಗುತ್ತದೆ. ಓದಿದವರು ಒಂದು ಸೇರಿಸಿಯಾರು, ಒಂದು ಬಿಟ್ಟಾರು. ಆಗ ಬೇರೆ ಯಾರಿಗಾದರೂ ಕೊಟ್ಟು ಇನ್ನೊಮ್ಮೆ ಓದಿಸಿ. ಹಾಗೆ ಓದಿಸಲು ಹಾಳೆಗಳು ಇರಬೇಕಲ್ಲ? ನಾನು ಇಲ್ಲದ ಕಾಲಕ್ಕೂ ಇರಬೇಕು. ರದ್ದಿಯವನಿಗೆ ಹಾಕಬೇಡಿ, ಮಕ್ಕಳೇ. ಜೋಪಾನ ಮಾಡಿ ಇಡಿ.